ಸಂಜೆಯ ಬೆಳಕನ್ನಷ್ಟೇ ಬಲ್ಲ ಗಾಡಿ

ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆಗೆ ಇನ್ನೊಂದು ವಾರವಿತ್ತು. ಶನಿವಾರ ಸಂಜೆ ಇಂದುಧರ ತನ್ನ ಗುರುವನ್ನು ಕೇಳಿದ: "ಮೇಷ್ಟ್ರೇ, ಕೆಲಸ ಮುಗಿಸಿ ಬಂದು ಈ ಮಕ್ಕಳಿಗೆ ದಿನಾ ಒಂದು ಗಂಟೆ ಕೊಡ್ತೀನಿ. ಇನ್ನೂ ಎಷ್ಟು ಕೊಡಬೇಕು?"

ಮಕ್ಕಳು ಮನೆಗೆ ಹೋಗಿದ್ದರು. ಅವರ ರೋಬೋಟ್ ಇಂದುಧರನ ಮಡಿಲಲ್ಲಿತ್ತು. ಅವನು ಅದರ ತಿರುಪುಗಳನ್ನು ಬಿಗಿ ಮಾಡುತ್ತಿದ್ದ. ಗುರು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ತನ್ನ ಖಾಲಿ ಗೋದಾಮನ್ನು ಶಾಲೆಯ ಮಕ್ಕಳಿಗೆ ಬಿಟ್ಟುಕೊಟ್ಟ. ಒಬ್ಬ ಮೆಕ್ಯಾನಿಕ್ ವರ್ಷವೆಲ್ಲ ತನ್ನ ಸಂಜೆಗಳನ್ನು ಕೊಟ್ಟ. ಅಲ್ಲಿ ಒಂದು ಪುಟ್ಟ ಗಾಡಿ ತಯಾರಾಯಿತು. ನೆಲಕ್ಕೆ ಅಂಟಿಸಿದ ಕಪ್ಪು ಪಟ್ಟಿಯನ್ನು ನೋಡಿಕೊಂಡು ಅದು ತಾನೇ ನಡೆಯಬೇಕಿತ್ತು. ಪಟ್ಟಿಯನ್ನು ಗುರುತಿಸುವ ಅದರ ಕಣ್ಣಿನ ಪಕ್ಕ ಒಂದು ಸಣ್ಣ ತಿರುಪು. ಬೆಳಕು ಬದಲಾದಾಗ ಅದನ್ನು ಚೂರು ತಿರುಗಿಸಿ ಹದ ಮಾಡಬೇಕು.

"ಅಣ್ಣಾ, ಇವತ್ತು ನಾನು ತಿರುಗಿಸ್ಲಾ?" ಎಂದು ಹುಡುಗಿಯೊಬ್ಬಳು ಮೆಕ್ಯಾನಿಕ್‌ನನ್ನು ಕೇಳಿದಳು.

"ನೀನು ಕೈ ಹಾಕಿದ್ರೆ ಅದು ಸೀದಾ ಹೋಗಿ ಗೋಡೆಗೆ ನಮಸ್ಕಾರ ಮಾಡುತ್ತೆ. ನನಗಿರೋದು ಒಂದೇ ಗಂಟೆ. ನೋಡ್ತಾ ಕೂತ್ಕೋ ತಾಯಿ."

ಮಕ್ಕಳು ನೋಡುತ್ತಾ ಕೂತರು. ಮುಸ್ಸಂಜೆಯ ಗೋದಾಮಿನಲ್ಲಿ ಗಾಡಿ ನೀರಿನ ಮೇಲಿನ ಎಲೆಯ ಹಾಗೆ ಸಾಗುತ್ತಿತ್ತು.

ಸ್ಪರ್ಧೆ ನಡೆದದ್ದು ಬೆಳಿಗ್ಗೆ. ಬಿಸಿಲು ಕಿಟಕಿಯಿಂದ ಇಳಿದು ಸರಳುಗಳ ನೆರಳನ್ನು ನೆಲದ ಮೇಲೆ ಉದ್ದಕ್ಕೆ ಚಾಚಿತ್ತು. ಗಾಡಿ ಅರ್ಧ ದಾರಿ ಸರಿಯಾಗಿ ನಡೆಯಿತು. ಆಮೇಲೆ ಪಟ್ಟಿಯನ್ನು ಬಿಟ್ಟು ನೆರಳನ್ನು ಹಿಡಿಯಿತು. ಯಾರೋ ಕರೆದ ಹಾಗೆ, ನಿಧಾನವಾಗಿ, ನೆರಳಿನಗುಂಟ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತಿತು.

ಇನ್ನೊಂದು ಅವಕಾಶವಿತ್ತು. ಸರಿಪಡಿಸಲು ಸಮಯವೂ ಇತ್ತು. ಆದರೆ ಸ್ಪರ್ಧೆಯ ನಿಯಮದಂತೆ ಗಾಡಿಯನ್ನು ಮಕ್ಕಳು ಮಾತ್ರ ಮುಟ್ಟಬಹುದು. ಹೇಳಿಕೊಡುವವರು ಅಡ್ಡ ಕಟ್ಟಿದ ಹಗ್ಗದಾಚೆ ಮಾತಿಲ್ಲದೆ ನಿಲ್ಲಬೇಕು. ಹುಡುಗಿ ಸ್ಕ್ರೂಡ್ರೈವರ್ ಹಿಡಿದಳು. ತಿರುಪು ಕಣ್ಣೆದುರೇ ಇತ್ತು. ಯಾವ ಕಡೆಗೆ, ಎಷ್ಟು ತಿರುಗಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಗ್ಗದಾಚೆ ಮೆಕ್ಯಾನಿಕ್‌ನ ಬೆರಳುಗಳು ಗಾಳಿಯಲ್ಲೇ ತಿರುಗುತ್ತಿದ್ದವು. ಅವಳು ಅತ್ತ ನೋಡಲಿಲ್ಲ. ಸೀಟಿ ಕೇಳಿಸಿತು. ಸಮಯ ಮುಗಿದಿತ್ತು.

ಗುರು ಕತೆ ನಿಲ್ಲಿಸಿದರು.

"ಪಾಪ, ವರ್ಷವೆಲ್ಲ ದಿನಾ ಒಂದು ಗಂಟೆ ಕೊಟ್ಟಿದ್ದನಲ್ಲ ಮೇಷ್ಟ್ರೇ," ಎಂದ ಇಂದುಧರ. ಹೇಳುತ್ತಿದ್ದಂತೆ ಅವನ ಕೈ ನಿಂತಿತು.

ಗುರು ಅವನ ಮಡಿಲಲ್ಲಿದ್ದ ರೋಬೋಟನ್ನು ನೋಡಿದರು.

"ಅದು ಗಾಡಿಗೆ ಕೊಟ್ಟದ್ದು ಕಣಯ್ಯ, ಮಕ್ಕಳಿಗೆ ಕೊಟ್ಟದ್ದು ಸೊನ್ನೆ."