ತಾಳ ಬಿಟ್ಟ ಕೊಳಲು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಎಲ್ಲರ ಜೊತೆ ಕೂಡಿ ಹಾಡಿದರೆ ನನ್ನ ಹಾಡು ಕೆಡುತ್ತದೆ. ಒಬ್ಬರು ಮುಂದೆ ಓಡುತ್ತಾರೆ, ಇನ್ನೊಬ್ಬರು ಹಿಂದೆ ಉಳಿಯುತ್ತಾರೆ. ನಾನು ಬೇರೆ ಕುಳಿತು ಒಬ್ಬನೇ ಹಾಡಿಕೊಂಡರೆ ಆಗದೇ? ಈ ಗುಂಪಿನಿಂದ ನನಗೇನು ಲಾಭ?"

ಆ ಮಠದಲ್ಲಿ ಬೆಳಗಿನ ಪ್ರಾರ್ಥನೆಯನ್ನು ಎಲ್ಲರೂ ಕೂಡಿ ಹಾಡುವ ರೂಢಿಯಿತ್ತು. ಈ ಶಿಷ್ಯನ ಕಂಠ ಚೆನ್ನಾಗಿತ್ತು. ಅದು ಅವನಿಗೂ ಗೊತ್ತಿತ್ತು. ಗುರುಗಳು ಕುಳಿತುಕೋ ಎಂದು ಕೈಸನ್ನೆ ಮಾಡಿ, ಕತೆ ಹೇಳತೊಡಗಿದರು.

ಒಂದು ಊರಿನ ಶಾಲೆಯಲ್ಲಿ ಬ್ಯಾಂಡ್ ಇತ್ತು. ಸಾಮುವೇಲ ಮಾಸ್ತರರು ಅದನ್ನು ಕಲಿಸುತ್ತಿದ್ದರು. ಅವರು ಪೊಲೀಸ್ ಬ್ಯಾಂಡಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಒಂದು ಸಾಲು ಕೊಳಲು, ಒಂದು ಸಾಲು ಸಣ್ಣ ಡ್ರಮ್ಮು, ಎಲ್ಲಕ್ಕೂ ಹೆಜ್ಜೆ ಕೊಡುವ ಒಂದು ದೊಡ್ಡ ಡ್ರಮ್ಮು. ಇಷ್ಟೇ ಬ್ಯಾಂಡು.

ಕೊಳಲಿನ ಸಾಲಿನ ಮುಂದೆ ಕಸ್ತೂರಿ ಎಂಬ ಹುಡುಗಿ ನಿಲ್ಲುತ್ತಿದ್ದಳು. ಅವಳ ತಂದೆ ಮದುವೆಗಳಲ್ಲಿ ಶಹನಾಯಿ ಊದುವವನು. ಉಸಿರು ಹಿಡಿಯುವುದನ್ನೂ ಬಿಡುವುದನ್ನೂ ಅವಳು ಮಾತು ಕಲಿಯುವಾಗಲೇ ಕಲಿತಿದ್ದಳು. ಬೇರೆ ಮಕ್ಕಳು ಒಂದು ಹಾಡನ್ನು ತಿಂಗಳುಗಟ್ಟಲೆ ತಿದ್ದಿಕೊಳ್ಳುತ್ತಿದ್ದರೆ, ಅವಳಿಗೆ ಒಮ್ಮೆ ಕೇಳಿದರೆ ಸಾಕಾಗಿತ್ತು.

ದೊಡ್ಡ ಡ್ರಮ್ಮು ಚನ್ನವೀರನದು. ಅವನು ಓದಿನಲ್ಲಿ ಹಿಂದೆ. ಮೊದಲೆಲ್ಲ ವಾರಕ್ಕೆ ಒಂದೆರಡು ದಿನ ಶಾಲೆಗೆ ಬಂದರೆ ಹೆಚ್ಚು. ಬಂದರೂ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯ ಕಡೆ ನೋಡುತ್ತಿದ್ದ. ಎತ್ತರದ ಹುಡುಗನೆಂದು ಸಾಮುವೇಲ ಮಾಸ್ತರರು ಅವನ ಎದೆಗೆ ಡ್ರಮ್ಮು ಕಟ್ಟಿದರು. ಆ ದಿನದಿಂದ ಅವನು ಶಾಲೆ ತಪ್ಪಿಸಲಿಲ್ಲ. ತಾನು ಬಡಿದಂತೆ ಶಾಲೆಗೆ ಶಾಲೆಯೇ ಹೆಜ್ಜೆ ಹಾಕುವುದನ್ನು ಕಂಡ ಮೇಲೆ, ತರಗತಿಯಲ್ಲೂ ಅವನು ತಲೆಯೆತ್ತಿ ಕೂಡುವುದನ್ನು ಕಲಿತ.

ಅವನಲ್ಲಿ ಒಂದು ದೋಷವಿತ್ತು. ಗಾಬರಿಯಾದರೆ ಕೈ ತಪ್ಪುತ್ತಿತ್ತು. ಅಭ್ಯಾಸದಲ್ಲಿ ಅವನು ತಪ್ಪಿದಾಗಲೆಲ್ಲ ಕಸ್ತೂರಿ ಹುಬ್ಬು ಗಂಟಿಕ್ಕುತ್ತಿದ್ದಳು.

"ಊದೂದು ಬಾಯಿಲೆ ಅಲ್ಲ, ಕಿವಿಲೆ" ಎಂದು ಸಾಮುವೇಲ ಮಾಸ್ತರರು ಆಗಾಗ ಹೇಳುತ್ತಿದ್ದರು. ಇದು ಊದಲು ಬಾರದವರಿಗೆ ಹೇಳುವ ಮಾತೆಂದು ಕಸ್ತೂರಿ ತಿಳಿದಿದ್ದಳು.

ಸ್ವಾತಂತ್ರ್ಯ ದಿನದಂದು ಶಾಲೆಯ ಬಯಲಿನಲ್ಲಿ ಊರಿನವರು ಕೂಡಿದ್ದರು. ಬ್ಯಾಂಡು ಮುಂದೆ, ಮಕ್ಕಳ ಸಾಲುಗಳು ಹಿಂದೆ. ವೇದಿಕೆ ಹತ್ತಿರವಾಗುತ್ತಲೇ ಜನ ಚಪ್ಪಾಳೆ ತಟ್ಟಿದರು. ಚನ್ನವೀರ ಬೆದರಿದ. ಎಡಗಾಲು ಊರುವಾಗ ಬೀಳಬೇಕಾದ ಪೆಟ್ಟು ಬಲಗಾಲು ಊರುವಾಗ ಬಿತ್ತು. ಸಣ್ಣ ಡ್ರಮ್ಮುಗಳು ಅವನ ಪೆಟ್ಟಿನ ಹಿಂದೆಯೇ ಹೋದವು. ಕಸ್ತೂರಿ ಹೋಗಲಿಲ್ಲ. ತಾನು ಹಿಡಿದ ತಾಳವೇ ಸರಿಯೆಂದು ಅವಳಿಗೆ ಗೊತ್ತಿತ್ತು. ತಪ್ಪಿದವರು ತಿರುಗಿ ಬರಲಿ ಎಂದು ಅವಳು ಇನ್ನಷ್ಟು ಗಟ್ಟಿಯಾಗಿ ಊದಿದಳು. ಕೊಳಲಿನವರೆಲ್ಲ ಅವಳ ಜೊತೆ ನಿಂತರು.

ಯಾರೂ ತಿರುಗಿ ಬರಲಿಲ್ಲ. ಬ್ಯಾಂಡು ಎರಡಾಯಿತು. ಹಿಂದಿನ ಮಕ್ಕಳಲ್ಲಿ ಕೆಲವರು ಕೊಳಲು ಕೇಳಿ ಕಾಲೆತ್ತಿದರು, ಕೆಲವರು ಡ್ರಮ್ಮು ಕೇಳಿ ಎತ್ತಿದರು. ಒಬ್ಬರ ಹಿಮ್ಮಡಿಯನ್ನು ಇನ್ನೊಬ್ಬರು ತುಳಿದರು. ಸಣ್ಣ ತರಗತಿಯ ಮಕ್ಕಳು ಎಡವಿ ಬಿದ್ದರು. ಜನ ನಕ್ಕರು.

ಆಮೇಲೆ ಮಾಸ್ತರರು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಏನಾಯಿತೆಂದು ಕೇಳಿದರು. ಎಲ್ಲರೂ ಚನ್ನವೀರನನ್ನು ನೋಡಿದರು. ತನ್ನನ್ನು ಯಾರೂ ಕೇಳದಿದ್ದರೂ ಕಸ್ತೂರಿ ಹೇಳಿದಳು: "ನಾ ತಪ್ಪಿಲ್ಲ ಸರ್. ಕಡೀತನಕಾ ಸರಿಯಾಗೇ ಊದೀನಿ."

"ಹೌದವಾ, ನೀ ತಪ್ಪಿಲ್ಲ" ಎಂದರು ಮಾಸ್ತರರು. ಆ ಮಾತು ಯಾಕೋ ಅವಳಿಗೆ ಹೊಗಳಿಕೆಯಂತೆ ಕೇಳಲಿಲ್ಲ.

ಮರುದಿನ ಚನ್ನವೀರ ಬ್ಯಾಂಡಿಗೆ ಬರಲಿಲ್ಲ. ಕೆಲವು ದಿನ ಕೊನೆಯ ಬೆಂಚಿನಲ್ಲಿ ಕಾಣಿಸಿಕೊಂಡ, ಆಮೇಲೆ ಅಲ್ಲಿಯೂ ಇಲ್ಲ. ಡ್ರಮ್ಮನ್ನು ಬೇರೊಬ್ಬ ಹುಡುಗನಿಗೆ ಕಟ್ಟಿದರು. ಅವನು ತಪ್ಪದೆ ಬಡಿಯುತ್ತಿದ್ದ. ಕಸ್ತೂರಿಗೆ ಇನ್ನು ಹುಬ್ಬು ಗಂಟಿಕ್ಕುವ ಕಾರಣ ಇರಲಿಲ್ಲ. ಆದರೆ ದಿನವೂ ಹಾಜರಿ ಕರೆಯುವಾಗ ಚನ್ನವೀರನ ಹೆಸರು ಬಂದೊಡನೆ ತರಗತಿ ಒಂದು ಕ್ಷಣ ಸುಮ್ಮನಾಗುತ್ತಿತ್ತು. ಆ ಕ್ಷಣ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ದಿನ ತರಗತಿಯ ಶಿಕ್ಷಕರು ಆ ಹೆಸರನ್ನು ಬಿಟ್ಟು ಮುಂದಿನದನ್ನು ಕರೆದರು. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಮನೆಗೆ ಬಂದು ತಂದೆಯನ್ನು ಕೇಳಿದಳು: "ಅಪ್ಪಾ, ಇದ್ರಾಗ ನಂದೇನ ತಪ್ಪೈತಿ?"

ತಂದೆ ಶಹನಾಯಿ ಒರೆಸುತ್ತ ಕುಳಿತಿದ್ದ. "ತಪ್ಪೇನಿಲ್ಲಬೇ. ಆದ್ರ ಮದುವಿಯೊಳಗ ಡೋಲಿನಾಂವ ತಪ್ಪಿದ್ರ ನಾ ಒಬ್ಬಾಂವ ಚೊಲೋ ಊದಿದೆ ಅಂತ ಮನಿಗೆ ಬರಾಕ ಆಗೂದಿಲ್ಲ. ಇಡೀ ವಾಜಂತ್ರಿ ಮ್ಯಾಳ ಕೆಟ್ಟಿತು ಅಂತಾರ ಮಂದಿ" ಎಂದ. ಅಷ್ಟು ಹೇಳಿ ತನ್ನ ಕೆಲಸಕ್ಕೆ ತಿರುಗಿದ.

ಚನ್ನವೀರ ತನ್ನ ಸೋದರಮಾವನ ಮಂಡಕ್ಕಿ ಭಟ್ಟಿಯಲ್ಲಿದ್ದಾನೆಂದು ಅವಳಿಗೆ ತಿಳಿಯಿತು. ಯಾರೂ ಕಳಿಸದಿದ್ದರೂ ಅವಳು ಹೋದಳು. ಅವನು ಬೆಂಕಿಯ ಮುಂದೆ ನಿಂತು ಕಾದ ಉಸುಕಿನಲ್ಲಿ ಅಕ್ಕಿ ಹುರಿಯುತ್ತಿದ್ದ. ಮುಖವೆಲ್ಲ ಮಸಿ. ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಸಾಲಿಗೆ ಬಾ. ಬ್ಯಾಂಡಿಗೆ ಬಾ" ಎಂದಳು ಕಸ್ತೂರಿ.

"ಅವತ್ತ ನೀ ಸರಿ ಇದ್ದಿ. ಎಲ್ಲಾರೂ ಹಂಗ ಅಂದ್ರು. ಮತ್ತ ನಾ ಯಾಕ ಬರ್ಲಿ?"

ಕಸ್ತೂರಿ ಇನ್ನೊಂದು ಹೆಜ್ಜೆ ಮುಂದೆ ಬಂದಳು. ಭಟ್ಟಿಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಕಣ್ಣೊರೆಸಿಕೊಂಡು ಹೇಳಿದಳು: "ಯಾಕಂತ ನನಗೂ ಗೊತ್ತಿಲ್ಲ. ಆದ್ರೂ ಬಾ."

ಚನ್ನವೀರ ಅಕ್ಕಿ ಹುರಿಯುತ್ತಲೇ ಇದ್ದ. ಕಸ್ತೂರಿ ಸಾಮುವೇಲ ಮಾಸ್ತರರಿಗೆ ವಿಷಯ ಹೇಳಿದಳು. ಅವರು ಹೋಗಿ ಅವನ ಮಾವನ ಜೊತೆ ಮಾತಾಡಿದರು. ಆ ವಾರ ಕಳೆಯುವಷ್ಟರಲ್ಲಿ ಚನ್ನವೀರ ಶಾಲೆಗೆ ಬಂದ. ನಡುವೆ ಡ್ರಮ್ಮು ಬಡಿದ ಹುಡುಗ ತಾನಾಗಿಯೇ ಪಟ್ಟಿ ಬಿಚ್ಚಿ ಕೊಟ್ಟು ಸಣ್ಣ ಡ್ರಮ್ಮಿನ ಸಾಲಿಗೆ ಹೋದ.

ಚಳಿಗಾಲದಲ್ಲಿ ತಾಲ್ಲೂಕಿನ ಶಾಲೆಗಳೆಲ್ಲ ಕೂಡುವ ಕ್ರೀಡಾಕೂಟ ಬಂತು. ಅಲ್ಲಿ ಬ್ಯಾಂಡುಗಳಿಗೂ ಸ್ಪರ್ಧೆ. ಕಸ್ತೂರಿ ವರ್ಷವಿಡೀ ಕಾದದ್ದು ಈ ದಿನಕ್ಕೆ. ಶಹನಾಯಿಯವನ ಮಗಳು ಹೇಗೆ ಊದುತ್ತಾಳೆಂದು ಊರಾಚೆಯವರೂ ಕೇಳಬೇಕೆಂಬ ಆಸೆ ಅವಳಿಗಿತ್ತು. ತಂದೆಯೂ ಬಂದು ಜನರ ನಡುವೆ ನಿಂತಿದ್ದ.

ಬ್ಯಾಂಡು ಹೊರಟಿತು. ಅರ್ಧ ಬಯಲು ದಾಟುವವರೆಗೆ ಎಲ್ಲವೂ ಚೆನ್ನಾಗಿತ್ತು. ವೇದಿಕೆಯ ಎದುರು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚನ್ನವೀರನ ಕೈ ಮತ್ತೆ ತಪ್ಪಿತು. ಸಣ್ಣ ಡ್ರಮ್ಮುಗಳು ಮತ್ತೆ ಅವನ ಹಿಂದೆ ಹೋದವು.

ಕಸ್ತೂರಿಯ ಕೊಳಲು ಸರಿಯಾದ ತಾಳದಲ್ಲೇ ಇತ್ತು. ಅವಳು ಓರೆಗಣ್ಣಿನಿಂದ ಚನ್ನವೀರನನ್ನು ನೋಡಿದಳು. ಅವನ ಕಣ್ಣು ಮುಂದೆ ನೆಟ್ಟಿತ್ತು. ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು. ತನ್ನ ಪೆಟ್ಟಿನ ಹೊರತು ಅವನಿಗೆ ಇನ್ನೇನೂ ಕೇಳಿಸುತ್ತಿರಲಿಲ್ಲ. ಎಷ್ಟು ಗಟ್ಟಿಯಾಗಿ ಊದಿದರೂ ಅವನು ಬರಲಾರ ಎಂದು ಅವಳಿಗೆ ಅರಿವಾಯಿತು. ಹಿಂದೆ ಮಕ್ಕಳ ಹೆಜ್ಜೆಗಳು ಆಗಲೇ ಚದುರತೊಡಗಿದ್ದವು.

ಅವಳು ಉಸಿರನ್ನು ಹಿಡಿದು ಒಂದೇ ಸ್ವರವನ್ನು ಉದ್ದಕ್ಕೆ ಎಳೆದಳು. ಹಾಡಿನಲ್ಲಿ ಅಂಥ ಎಳೆತ ಇರಲಿಲ್ಲ. ಕೊಳಲಿನವರು ಬೆಚ್ಚಿ ಅವಳ ಕಡೆ ನೋಡಿ, ತಾವೂ ಎಳೆದರು. ದೊಡ್ಡ ಡ್ರಮ್ಮಿನ ಪೆಟ್ಟು ಬೀಳುವ ತನಕ ಕಾದು, ಆ ಪೆಟ್ಟಿನ ಮೇಲೆಯೇ ಅವಳು ಮುಂದಿನ ಸ್ವರ ಇಟ್ಟಳು. ತನ್ನ ಕಾಲನ್ನೂ ಬದಲಿಸಿದಳು. ಕೊಳಲು, ಡ್ರಮ್ಮು, ಕಾಲು ಎಲ್ಲ ಒಂದಾದವು. ಸಣ್ಣ ಮಕ್ಕಳು ಒಬ್ಬರೂ ಎಡವದೆ ವೇದಿಕೆಯನ್ನು ದಾಟಿದರು.

ಫಲಿತಾಂಶ ಹೇಳುವಾಗ ತೀರ್ಪುಗಾರರು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಶಾಲೆಯ ಡ್ರಮ್ಮು ಚೆನ್ನಾಗಿತ್ತು. ನಡಿಗೆಯೂ ಚೆನ್ನಾಗಿತ್ತು. ಕೊಳಲಿನ ಮುಂದಾಳು ಹುಡುಗಿ ವೇದಿಕೆಯ ಎದುರಿಗೇ ತಾಳ ಬಿಟ್ಟಳು. ಅದೊಂದು ಇಲ್ಲದಿದ್ದರೆ ಮೊದಲ ಬಹುಮಾನ ಇವರಿಗೇ ಹೋಗುತ್ತಿತ್ತು."

ನೆರೆದವರೆಲ್ಲ ಅವಳ ಕಡೆ ತಿರುಗಿದರು. ನಾ ತಪ್ಪಿಲ್ಲ ಎಂಬ ಮಾತು ಅವಳ ನಾಲಗೆಯ ತನಕ ಬಂತು. ಪಕ್ಕದಲ್ಲಿ ಚನ್ನವೀರ ನಿಂತಿದ್ದ. ಡ್ರಮ್ಮು ಚೆನ್ನಾಗಿತ್ತು ಎಂಬ ಮಾತನ್ನು ಅವನ ಬದುಕಿನಲ್ಲಿ ಯಾರೂ ಮೈಕಿನಲ್ಲಿ ಹೇಳಿರಲಿಲ್ಲ. ಅವಳು ಮಾತನ್ನು ನುಂಗಿಕೊಂಡಳು. ಅದು ಸುಲಭವಾಗಿ ಇಳಿಯಲಿಲ್ಲ. ಆ ದಿನ ಅವಳಿಗೆ ಸಂತೋಷವೇನೂ ಆಗಲಿಲ್ಲ.

ಊರಿಗೆ ಮರಳುವಾಗ ಟೆಂಪೊದಲ್ಲಿ ಚನ್ನವೀರ ಕಸ್ತೂರಿಯ ಪಕ್ಕ ಕುಳಿತ. ಅರ್ಧ ದಾರಿಯಲ್ಲಿ ಮೆಲ್ಲಗೆ ಹೇಳಿದ: "ತಪ್ಪಿದಾಂವ ನಾನು."

"ಗೊತ್ತೈತಿ" ಎಂದಳು ಕಸ್ತೂರಿ.

ಮರುದಿನ ಬೆಳಿಗ್ಗೆ ಸಾಮುವೇಲ ಮಾಸ್ತರರು ಬರುವ ಮೊದಲೇ ಚನ್ನವೀರ ಶಾಲೆಯ ಬಯಲಿನಲ್ಲಿ ಡ್ರಮ್ಮು ಬಡಿಯುತ್ತಿದ್ದ. ಬೇಕೆಂದೇ ಗೆಳೆಯರನ್ನು ಸುತ್ತ ನಿಲ್ಲಿಸಿಕೊಂಡು, ಗಲಾಟೆ ಮಾಡಿರಿ, ಚಪ್ಪಾಳೆ ತಟ್ಟಿರಿ ಎಂದು ಹೇಳಿ ಬಡಿಯುತ್ತಿದ್ದ. ಆ ವರ್ಷ ಅವನು ಶಾಲೆ ಬಿಡಲಿಲ್ಲ. ಮುಂದಿನ ವರ್ಷವೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಅವನ ಮನಸ್ಸೆಲ್ಲ ಆ ಹುಡುಗಿಯ ಕಡೆಗಿತ್ತು. "ಆದರೆ ಗುರುಗಳೇ, ಸರಿಯಾಗಿದ್ದವಳು ಅವಳು. ತಪ್ಪಿದವನ ಬಳಿಗೆ ಅವಳು ಯಾಕೆ ಹೋಗಬೇಕಿತ್ತು? ಅವನೇ ಅವಳ ಬಳಿಗೆ ಬರಬೇಕಾದ್ದು ನ್ಯಾಯವಲ್ಲವೇ?"

ಗುರುಗಳು ಹೇಳಿದರು: "ಬರುವ ದಾರಿ ಗೊತ್ತಿದ್ದರೆ ಅವನು ತಪ್ಪುತ್ತಲೇ ಇರಲಿಲ್ಲವಲ್ಲ, ಮಗು."

ಮರುದಿನ ಬೆಳಗಿನ ಪ್ರಾರ್ಥನೆಗೆ ಶಿಷ್ಯ ಎಲ್ಲರ ನಡುವೆ ಕುಳಿತು, ಹಿಂದೆ ಉಳಿದವರ ದನಿಗೆ ಕಿವಿಗೊಟ್ಟು ಹಾಡಿದ.