ಹಾಲಪ್ಪನವರ ಹೆಸರು ಏರಿದ್ದು

ಒಂದು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಪರಮಶಿವಯ್ಯ ಎಂಬ ಪ್ರೊಫೆಸರರಿದ್ದರು. ಯಾರ ಸಂಶೋಧನೆಯನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಹೆಚ್ಚು ಹೆಸರಿಸುತ್ತಾರೋ ಅವರೇ ದೊಡ್ಡ ವಿಜ್ಞಾನಿ ಎಂದು ವರ್ಷಕ್ಕೊಮ್ಮೆ ಪಟ್ಟಿ ಬರುತ್ತಿತ್ತು. ಆ ವರ್ಷ ಪಕ್ಕದ ಕೋಣೆಯ ಹಾಲಪ್ಪನವರು ಇವರಿಗಿಂತ ಮೇಲೆ ಬಂದುಬಿಟ್ಟರು. ಪರಮಶಿವಯ್ಯನವರಿಗೆ ಊಟ ಸೇರದಾಯಿತು.

ತಮ್ಮ ಟೈಪಿಸ್ಟನನ್ನು ಕರೆದು ಗುಡುಗಿದರು: “ಆ ಹಾಲಪ್ಪನ ಹೆಸರನ್ನು ಹೊತ್ತು ಮೆರೆಸುವ ಭಟ್ಟಂಗಿ ಯಾವನೋ ಇದ್ದಾನೆ. ಸಂಜೆಯೊಳಗೆ ಹುಡುಕು. ಇಲ್ಲದಿದ್ದರೆ ನಿನ್ನನ್ನು ಹಾಸ್ಟೆಲಿನ ಕೆಲಸಕ್ಕೆ ಎತ್ತಿಹಾಕಿಸುತ್ತೇನೆ!”

“ಸಂಜೆ ಯಾಕೆ ಸಾರ್, ಈಗಲೇ ಹೇಳ್ತೀನಿ. ತಾವೇ.”

“ಏನಂದೆ? ನಾನು ಬರೆದಾಗಲೆಲ್ಲ ಅವನ ತಪ್ಪು ಎತ್ತಿ ಉಗಿದಿದ್ದೇನೆ ಕಣಯ್ಯ!”

“ಹೆಸರು ಹೇಳಿಯೇ ಉಗೀಬೇಕಲ್ಲ ಸಾರ್. ಪಟ್ಟಿ ಮಾಡೋರು ಹೆಸರು ಎಣಿಸ್ತಾರೆ, ಹೊಗಳಿಕೆಯೋ ಉಗುಳೋ ನೋಡಲ್ಲ. ಹಿರಣ್ಯಕಶಿಪು ಕೂಡ ಬೈದು ಬೈದೇ ಹರಿನಾಮ ಹೇಳಿದ್ದು.”

ಪರಮಶಿವಯ್ಯನವರು ಕುರ್ಚಿಯಲ್ಲಿ ಕುಸಿದರು. ಆಮೇಲೆ ಪಕ್ಕದ ಕೋಣೆಯ ಗೋಡೆಯನ್ನೇ ದುರುಗುಟ್ಟಿ ನೋಡುತ್ತ ಹಲ್ಲು ಕಡಿದರು:

“ಎಂಥ ದುರಹಂಕಾರಿ ನೋಡಯ್ಯ! ಇಷ್ಟು ವರ್ಷದಲ್ಲಿ ನನ್ನನ್ನು ಒಂದು ಸಲವಾದರೂ ಬೈದಿದ್ದಾನೆಯೇ?”