ರೆಕ್ಕೆ ಮಡಿಸದ ನೀರುಕಾಗೆ

ಪಕ್ಷಿಧಾಮದ ಕೆರೆಯಲ್ಲಿ ಮೀನು ಹಿಡಿದು ತಿಂದ ನೀರುಕಾಗೆಯೊಂದು ದಡದ ಕೊರಡಿನ ಮೇಲೆ ಕುಳಿತು, ಒದ್ದೆ ರೆಕ್ಕೆಗಳನ್ನು ಬಿಸಿಲಿಗೆ ಅಗಲವಾಗಿ ಬಿಚ್ಚಿತು. ಕೆರೆ ಸುತ್ತಲು ಹೊರಟಿದ್ದ ಇಂದುಮತಿ ಅದನ್ನು ತಂಗಿಗೆ ತೋರಿಸಿದಳು. "ನೋಡೇ ಲೀಲಾ, ಎರಡೂ ಕೈ ಚಾಚಿ ನಮ್ಮನ್ನು ಸ್ವಾಗತ ಮಾಡ್ತಿದೆ."

ಆ ಮಾತು ನೀರುಕಾಗೆಯ ತಲೆಗೇರಿತು. ರೆಕ್ಕೆ ಒಣಗಿದ ಮೇಲೂ ಅದು ಮಡಿಸಲಿಲ್ಲ.

ಪಕ್ಕದಲ್ಲೇ ಮುಳುಗಿ ಏಳುತ್ತಿದ್ದ ಗುಳುಮುಳುಕ ಹಕ್ಕಿ ಕೇಳಿತು, "ಅಣ್ಣಾ, ಮೀನಿನ ಹಿಂಡು ಬಂದಿದೆ. ನೀನು ಬರುವುದಿಲ್ಲವೇ?"

"ನಾನು ಬಂದರೆ ಅತಿಥಿಗಳನ್ನು ಸ್ವಾಗತಿಸುವವರು ಯಾರು?"

"ಹಸಿವಾಗುವುದಿಲ್ಲವೇ?"

"ಹೊಟ್ಟೆ ಕಾಯುತ್ತದೆ. ಅತಿಥಿಗಳು ಕಾಯುವುದಿಲ್ಲ."

ಮಧ್ಯಾಹ್ನ ಅಕ್ಕತಂಗಿಯರು ಕೆರೆ ಸುತ್ತಿ ಅದೇ ದಾರಿಯಲ್ಲಿ ಮರಳಿದರು. ಹಸಿವಿನಿಂದ ಕಣ್ಣು ಕತ್ತಲಿಡುತ್ತಿದ್ದರೂ ನೀರುಕಾಗೆ ಒಂದು ಗರಿಯೂ ಅಲುಗದಂತೆ ನಿಂತಿತ್ತು. ಲೀಲಾ ಅದನ್ನು ದಿಟ್ಟಿಸಿ ನೋಡಿ ನಕ್ಕಳು. "ಬೆಳಿಗ್ಗೆಯಿಂದ ಹಾಗೇ ನಿಂತಿದೆಯಲ್ಲಕ್ಕಾ. ಇದು ಹಕ್ಕಿಯಲ್ಲ, ಯಾರೋ ಬೊಂಬೆ ಮಾಡಿ ನಿಲ್ಲಿಸಿದ್ದಾರೆ."

ನೀರುಕಾಗೆಗೆ ಅವಮಾನಕ್ಕಿಂತ ಮೊದಲು ಹಸಿವು ನೆನಪಾಯಿತು. ರೆಕ್ಕೆ ಮಡಿಸಿ ದುಡುಂ ಎಂದು ನೀರಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಮೀನು ಕಚ್ಚಿಕೊಂಡು ಎದ್ದು, ಅದನ್ನು ಮೇಲಕ್ಕೆಸೆದು ಗುಳುಂ ಮಾಡಿತು. ಅಕ್ಕತಂಗಿಯರು ಮನೆಗೆ ಹೋಗುವುದನ್ನೇ ಮರೆತು ಹುಲ್ಲಿನ ಮೇಲೆ ಕುಳಿತುಬಿಟ್ಟರು.

ನೀರುಕಾಗೆ ಮತ್ತೆ ಕೊರಡು ಹತ್ತಿ ರೆಕ್ಕೆ ಬಿಚ್ಚಿತು.

"ಮತ್ತೆ ಸ್ವಾಗತವೇ?" ಎಂದು ಗುಳುಮುಳುಕ ಕೇಳಿತು.

"ಅವರು ಹಾಗೆಂದುಕೊಳ್ಳಲಿ," ಎಂದಿತು ನೀರುಕಾಗೆ. "ಈ ಸಲ ರೆಕ್ಕೆ ನಿಜವಾಗಿಯೂ ಒದ್ದೆಯಾಗಿದೆ."